ಕಾದ ಬಾಣಲಿ, ಓಡುವ ಹುಡುಗ: ಹೋಟೆಲಿಗೆ ಬರುವ ಬೇರೆಯವರ ಮಕ್ಕಳಿಗೆ ಎಷ್ಟು ಹೇಳಬಹುದು, ಹೇಗೆ ಹೇಳಬೇಕು?

ಓದುಗರ ಪ್ರಶ್ನೆ

"ಗಂಗಾವತಿಯಿಂದ ಆನೆಗೊಂದಿ ಕಡೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಹೋಟೆಲ್ ಇದೆ. ಮುಂದೆ ಮಿರ್ಚಿ, ಒಗ್ಗರಣಿ, ಚಹಾ. ಒಳಗೆ ಆರು ಟೇಬಲ್. ಶನಿವಾರ, ಭಾನುವಾರ ಅಂಜನಾದ್ರಿ ಬೆಟ್ಟಕ್ಕೆ ಬಂದವರು ಮಕ್ಕಳ ಸಮೇತ ಊಟಕ್ಕೆ ಬರುತ್ತಾರೆ. ದೊಡ್ಡವರು ಫೋನ್ ನೋಡುತ್ತ ಕೂತರೆ ಮಕ್ಕಳು ಟೇಬಲ್‌ಗಳ ನಡುವೆ ಓಡುತ್ತವೆ. ಹೋದ ತಿಂಗಳು ಒಂದು ಕೂಸು ಸಪ್ಲಾಯರ್ ಕಾಲಿಗೆ ಅಡ್ಡ ಬಂದು ಬಿಸಿ ಸಾಂಬಾರ್ ಚೆಲ್ಲಿತು. ಪುಣ್ಯಕ್ಕೆ ನೆಲಕ್ಕೆ ಬಿತ್ತು. ಹೇಳಿದರೆ 'ರೊಕ್ಕಾ ಕೊಟ್ಟು ತಿನ್ನಾಕ ಬಂದೀವಿ' ಅಂತಾರೆ. ಇನ್ನು ಹಿಂದಿನ ಓಣಿಯ ನಾಲ್ಕೈದು ಹುಡುಗರು ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮಲ್ಲೇ ಇರುತ್ತಾರೆ. ಅವರ ತಾಯಂದಿರು ರೈಸ್ ಮಿಲ್ಲಿಗೋ ನಾಟಿಗೋ ಹೋಗಿರುತ್ತಾರೆ. ನಳ ತಿರುವಿ ನೀರು ಚೆಲ್ಲುವುದು, ಗಿರಾಕಿಗಳ ಬೈಕ್ ಹತ್ತುವುದು, ಸಕ್ಕರೆ ಡಬ್ಬಿಗೆ ಕೈ ಹಾಕುವುದು. ನಮ್ಮ ಮನೆಯವರು ಒಂದಿನ ಸಿಟ್ಟಿಗೆದ್ದು ಒಬ್ಬನ ಕಪಾಳಕ್ಕೆ ಹೊಡೆದರು. ಎಂಟು ವರ್ಷದವನಿರಬಹುದು. ಅಂದಿನಿಂದ ಅವನು ರಸ್ತೆಯ ಆಚೆ ನಿಂತು ನಮ್ಮ ಬೋರ್ಡಿಗೆ ಕಲ್ಲು ಬೀಸುತ್ತಾನೆ. 'ಮಕ್ಕಳಿಗೆ ಪ್ರವೇಶವಿಲ್ಲ' ಅಂತ ಬರೆಸೋಣ ಅನ್ನುತ್ತಾರೆ ಮನೆಯವರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಬೇರೆಯವರ ಮಕ್ಕಳಿಗೆ ನಾವು ಹೇಳಬಹುದಾ? ಎಷ್ಟು ಹೇಳಬಹುದು?"

ಉತ್ತರ

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದರಲ್ಲೊಂದು ಸಿಕ್ಕಿಕೊಂಡಿವೆ. ಭಾನುವಾರ ಬರುವ ಕೂಸಿನ ತಂದೆತಾಯಿ ನಾಲ್ಕು ಅಡಿ ದೂರದಲ್ಲೇ ಇದ್ದಾರೆ, ಅವರ ಕಣ್ಣು ಮಾತ್ರ ಬೇರೆ ಕಡೆ ಇದೆ. ಸಂಜೆ ಬರುವ ಹುಡುಗನನ್ನು ಆ ಹೊತ್ತಿನಲ್ಲಿ ನೋಡುವವರೇ ಇಲ್ಲ. ಮೊದಲನೆಯದನ್ನು ಟೇಬಲ್ ಸರಿಸಿ, ಊಟ ಕೊಡುವ ಕ್ರಮ ಬದಲಿಸಿ, ನಾಲ್ಕು ಮಾತು ಕಲಿತು ಬಹುಪಾಲು ಸರಿಪಡಿಸಬಹುದು. ಎರಡನೆಯದಕ್ಕೆ ಕೆಲವು ವಾರ ಬೇಕು. ಎರಡಕ್ಕೂ ಒಂದೇ ಬೈಗುಳ, ಒಂದೇ ಬೋರ್ಡು ಸಾಕೆಂದರೆ ಎರಡೂ ಕೆಡುತ್ತವೆ.

ನಿಮ್ಮ ನೇರ ಪ್ರಶ್ನೆಗೆ ನೇರ ಉತ್ತರ: ಹೇಳಬಹುದು, ಹೇಳಲೇಬೇಕು. ನಿಮ್ಮ ಜಾಗದಲ್ಲಿ ಬೆಂಕಿ ಇದೆ, ಎಣ್ಣೆ ಇದೆ, ಎದುರಿಗೆ ರಸ್ತೆ ಇದೆ. ಅಪಾಯ ತಪ್ಪಿಸುವ ಮಾತು ಹೇಳಲು ಯಾರ ಅಪ್ಪಣೆಯೂ ಬೇಡ. ಮಗುವಿನ ಗುಣ, ಮನೆತನ, ತಾಯಿ ಬೆಳೆಸಿದ ರೀತಿ, ಇವುಗಳ ಬಗ್ಗೆ ಮಾತಾಡುವ ಹಕ್ಕು ನಿಮಗಿಲ್ಲ. ಜಗಳವೆಲ್ಲ ಹುಟ್ಟುವುದು ಮೊದಲನೆಯದನ್ನು ಹೇಳಲು ಹೋಗಿ ಎರಡನೆಯದನ್ನು ಹೇಳಿದಾಗ.

ಮೊದಲು ಸುಡುವ ವಿಷಯ ಮುಗಿಸೋಣ

ಮೂರು ವರ್ಷದ ಕೂಸು ಸುಮಾರು ಮೂರು ಅಡಿ ಎತ್ತರ. ಹೋಟೆಲ್ ಟೇಬಲ್ ಎರಡೂವರೆ ಅಡಿ. ಎದೆಮಟ್ಟಕ್ಕೆ ಟ್ರೇ ಹಿಡಿದು ಬರುವ ಸಪ್ಲಾಯರ್‌ಗೆ ಟ್ರೇ ಕೆಳಗಿನ ಆ ಕೂಸು ಕಾಣುವುದೇ ಇಲ್ಲ. ಕೂಸಿಗೂ ಟ್ರೇ ಕಾಣುವುದಿಲ್ಲ. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಸುಮಾರು 5 ಸೆಕೆಂಡ್ ಸಾಕು. ಮಕ್ಕಳ ಚರ್ಮ ತೆಳು, ಅದಕ್ಕೆ ಅಷ್ಟೂ ಬೇಡ. ಒಲೆಯಿಂದ ಆಗಷ್ಟೇ ಇಳಿಸಿದ ಸಾಂಬಾರು ಇದಕ್ಕಿಂತ ಎಷ್ಟೋ ಬಿಸಿ. ಮಿರ್ಚಿ ಕರಿಯುವ ಎಣ್ಣೆ 180 ಡಿಗ್ರಿಯ ಆಸುಪಾಸು ಇರುತ್ತದೆ. ಅದಕ್ಕೇ ಹೇಳುವುದು, ನಿಮ್ಮಲ್ಲಿ ಓಡುವ ಕೂಸನ್ನು 'ತಂಟೆಕೋರ' ಎಂದು ನೋಡುವ ಮೊದಲು 'ಸುಟ್ಟುಕೊಳ್ಳಬಹುದಾದ ಕೂಸು' ಎಂದು ನೋಡಬೇಕು. ಹಾಗೆ ನೋಡಿದರೆ ಮಾಡಬೇಕಾದ್ದು ತಾನಾಗಿ ತಿಳಿಯುತ್ತದೆ.

ಒಲೆ ಮುಂಭಾಗದಲ್ಲಿದ್ದರೆ ಅದರ ಸುತ್ತ ಮೂರು ಅಡಿ ಯಾವ ಮಗುವೂ ಬರದ ಜಾಗವಾಗಲಿ. ಬರೇ ಗೆರೆ ಎಳೆದರೆ ಸಣ್ಣವರಿಗೆ ಅರ್ಥವಾಗದು. ಮೂರೂವರೆ ಅಡಿ ಎತ್ತರದ ತಗಡೋ ಗ್ರಿಲ್ಲೋ ಅಡ್ಡ ಇರಲಿ, ನೆಲದ ಮೇಲೆ ಕೆಂಪು ಬಣ್ಣದ ಪಟ್ಟಿಯೂ ಇರಲಿ. ಪಟ್ಟಿ ಮಕ್ಕಳಿಗಿಂತ ದೊಡ್ಡವರಿಗೆ ಉಪಯೋಗ: "ಆ ಕೆಂಪು ಪಟ್ಟಿ ದಾಟಬ್ಯಾಡ್ರಿ" ಎಂದು ಬೆರಳು ಮಾಡಿ ತೋರಿಸಬಹುದು, ಯಾರ ಮಗುವಿನ ಹೆಸರೂ ಎತ್ತಬೇಕಾಗಿಲ್ಲ. ಬಾಣಲಿಯ ಹಿಡಿಕೆ, ಜಾರಿಯ ಕೋಲು ರಸ್ತೆಯ ಕಡೆ ಚಾಚದಂತೆ ಒಳಕ್ಕೆ ತಿರುಗಿರಲಿ. ಕಾದ ಎಣ್ಣೆಯನ್ನು ಆರಲೆಂದು ನೆಲದ ಮೇಲೆ ಇಡುವ ರೂಢಿ ನಮ್ಮ ಕಡೆ ಬಹಳ ಇದೆ. ಅದನ್ನು ಇವತ್ತೇ ನಿಲ್ಲಿಸಿ.

ಒಳಗಿನ ಆರು ಟೇಬಲ್‌ನಲ್ಲಿ ಗೋಡೆಗೆ ಹತ್ತಿದ ಎರಡನ್ನು ಮಕ್ಕಳಿರುವ ಮನೆಮಂದಿಗೆ ಇಡಿ. ಮಗು ಗೋಡೆಯ ಕಡೆ, ದೊಡ್ಡವರು ಹೊರಗಡೆ. ಆಗ ಓಡಬೇಕೆಂದರೂ ಒಬ್ಬರ ಮೊಣಕಾಲು ದಾಟಬೇಕು. ಸಪ್ಲಾಯರ್ ಅಡುಗೆಮನೆಯಿಂದ ಒಂದು ಸಾಲಿನಲ್ಲಿ ಬಂದು ಇನ್ನೊಂದು ಸಾಲಿನಲ್ಲಿ ಹೋಗಲಿ, ಎದುರುಬದುರಾಗುವುದು ಬೇಡ. ಬಿಸಿಯದನ್ನು ತರುವಾಗ "ಬಿಸಿ, ಬಿಸಿ" ಎಂದು ಕೂಗುತ್ತ ಬರಲಿ. ಟೇಬಲ್ ಮೇಲೆ ಬಟ್ಟೆ ಹಾಸಬೇಡಿ, ಅಂಚು ಹಿಡಿದು ಎಳೆದರೆ ಚಹಾ ಕೂಸಿನ ಮೈಮೇಲೆಯೇ ಬೀಳುವುದು. ಕೂಸನ್ನು ತೊಡೆಯ ಮೇಲಿಟ್ಟುಕೊಂಡವರ ಕೈಗೆ ಬಿಸಿ ಚಹಾ ಕೊಡಬೇಡಿ, ಟೇಬಲ್ಲಿನ ಆಚೆ ತುದಿಗೆ ಇಡಿ.

ಟಿವಿ ಇದ್ದರೆ ಒಂದು ಸಲ ಮಕ್ಕಳು ನಿಂತು ನೋಡುವ ಜಾಗದಲ್ಲಿ ನೀವೇ ನಿಂತು ನೋಡಿ. ಎಷ್ಟೋ ಹೋಟೆಲುಗಳಲ್ಲಿ ಟಿವಿ ಚೆನ್ನಾಗಿ ಕಾಣುವುದು ಸಪ್ಲಾಯರ್ ಓಡಾಡುವ ದಾರಿಯ ನಡುವಿನಿಂದ. ಟಿವಿ ಸರಿಸಿದರೆ ಮಕ್ಕಳೂ ಸರಿಯುತ್ತಾರೆ.

ಮಂಡಕ್ಕಿ ಒಗ್ಗರಣಿಯ ಬಗ್ಗೆಯೂ ಒಂದು ಮಾತು. ಅದರೊಳಗಿನ ಪುಟಾಣಿ (ಹುರಿಗಡಲೆ), ಶೇಂಗಾ ಬಾಯಲ್ಲಿಟ್ಟುಕೊಂಡು ನಾಲ್ಕು ವರ್ಷದೊಳಗಿನ ಕೂಸು ಓಡಿದರೆ, ನಕ್ಕರೆ, ಗಂಟಲಿಗೆ ಸಿಕ್ಕಬಹುದು. ಅಷ್ಟು ಸಣ್ಣವರಿಗೆ ಕೊಡುವಾಗ ಅವೆರಡನ್ನು ತೆಗೆದುಕೊಡಿ. ಸಿಕ್ಕೇಬಿಟ್ಟು ಕೂಸಿಗೆ ಕೆಮ್ಮಲೂ ಅಳಲೂ ಆಗದಿದ್ದರೆ, ಒಂದು ವರ್ಷ ದಾಟಿದ ಕೂಸನ್ನು ಮುಂದಕ್ಕೆ ಬಾಗಿಸಿ ಬೆನ್ನಿನ ರೆಕ್ಕೆಯೆಲುಬುಗಳ ನಡುವೆ ಅಂಗೈಯಿಂದ 5 ಪೆಟ್ಟು. ಬಿಡದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ 5 ಸಲ ಒತ್ತು. ಹೀಗೆ ಬದಲಿಸುತ್ತ ಹೋಗಬೇಕು, ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಬಾಯೊಳಗೆ ಕುರುಡಾಗಿ ಬೆರಳು ಹಾಕಿದರೆ ಕಾಳು ಇನ್ನೂ ಒಳಕ್ಕೆ ಹೋಗುತ್ತದೆ. ಸುಟ್ಟರೆ ಹರಿಯುವ ತಣ್ಣೀರಿನಡಿ 20 ನಿಮಿಷ. ಬಳೆ, ಉಡುದಾರ, ಒದ್ದೆ ಬಟ್ಟೆ ತೆಗೆಯಿರಿ, ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಮಾತ್ರ ಎಳೆಯಬೇಡಿ. ಅರಿಶಿನ, ಟೂತ್‌ಪೇಸ್ಟ್, ತುಪ್ಪ, ಮಂಜುಗಡ್ಡೆ ಯಾವುದೂ ಬೇಡ. ಇದನ್ನು ನಿಮ್ಮ ಸಪ್ಲಾಯರ್‌ಗಳಿಗೂ ಒಂದು ಸಲ ಮಾಡಿ ತೋರಿಸಿ.

ಓಡುವುದು ಯಾಕೆ

ಅಂಜನಾದ್ರಿಗೆ 575 ಮೆಟ್ಟಿಲು. ಹತ್ತಿ, ಕ್ಯೂನಲ್ಲಿ ನಿಂತು, ಬಿಸಿಲಲ್ಲಿ ಇಳಿದು, ಗಾಡಿಯಲ್ಲಿ ಕೂತು ನಿಮ್ಮಲ್ಲಿಗೆ ಬರುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಐದು ವರ್ಷದ ಕೂಸಿಗೆ ಹಸಿವು, ನೀರಡಿಕೆ, ತಪ್ಪಿದ ನಿದ್ದೆ ಮೂರೂ ಒಟ್ಟಿಗೆ. ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ ಮಿದುಳಿನ ಮುಂಭಾಗದ್ದು. ಆ ಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುಪ್ರಾಯದಲ್ಲಿ; ಹಸಿವು, ನಿದ್ದೆಗೇಡಿನಲ್ಲಿ ಮೊದಲು ಕೈಕೊಡುವುದೂ ಅದೇ. ದೊಡ್ಡವರೂ ಆ ಹೊತ್ತಿಗೆ ಸಿಡಿಮಿಡಿ ಅನ್ನುತ್ತಾರೆ. ಅವರಿಗೆ ಕೂತು ಸಿಡಿಮಿಡಿಗೊಳ್ಳುವುದು ಗೊತ್ತು, ಕೂಸಿಗೆ ಗೊತ್ತಿಲ್ಲ.

ಆರ್ಡರ್ ಕೊಟ್ಟು ತಾಟು ಬರುವವರೆಗಿನ ಹದಿನೈದು ಇಪ್ಪತ್ತು ನಿಮಿಷವನ್ನು ಒಂದು ಭಾನುವಾರ ಗಮನವಿಟ್ಟು ನೋಡಿ. ಓಟ, ಕಿರುಚಾಟ, ನೀರು ಚೆಲ್ಲುವುದು ಬಹುತೇಕ ಆ ಸಂದಿನಲ್ಲೇ. ಉಂಡ ಮೇಲೆ ದೊಡ್ಡವರು ಬಿಲ್ಲಿಗೆ ಕಾಯುವಾಗ ಇನ್ನೊಂದು ಸುತ್ತು. ಆದ್ದರಿಂದ ಮಕ್ಕಳಿರುವ ಟೇಬಲ್ಲಿಗೆ ಮೊದಲ ಮೂರು ನಿಮಿಷದಲ್ಲಿ ನೀರು ಮತ್ತು ಕೂಸಿನ ಬಾಯಿಗೆ ಏನಾದರೂ ಹೋಗಬೇಕು: ಒಂದು ಇಡ್ಲಿ, ಅರ್ಧ ಬಾಳೆಹಣ್ಣು, ಸ್ವಲ್ಪ ಮೊಸರನ್ನ. "ಮೊದ್ಲ ಕೂಸಿಗೆ ಇಡ್ಲಿ ಕೊಟ್ಟುಬಿಡ್ಲೇನ್ರಿ?" ಎಂದು ಕೇಳಿ, ಬೇಡ ಅನ್ನುವ ತಾಯಿ ಅಪರೂಪ. ಬಿಲ್ಲನ್ನು ಅವರು ಕೈ ತೊಳೆಯಲು ಏಳುವ ಮುಂಚೆಯೇ ಕೊಡಿ.

ಕೈಗೂ ಕೆಲಸ ಬೇಕು. ನಾಲ್ಕು ಪಾಟಿ, ಒಂದು ಡಬ್ಬಿ ಬಳಪ ಇಟ್ಟುಕೊಳ್ಳಿ. ಬಣ್ಣದ ಪೆನ್ಸಿಲ್‌ಗಿಂತ ಇದು ಮೇಲು. ಮೊನೆ ಚುಚ್ಚುವುದಿಲ್ಲ, ಗೋಡೆ ಮೇಲೆ ಬರೆದರೂ ಒರೆಸಿದರೆ ಹೋಗುತ್ತದೆ, ಒಂದೇ ಪಾಟಿಯಲ್ಲಿ ನೂರು ಚಿತ್ರ. ಮೂರು ವರ್ಷದೊಳಗಿನವರಿಗೆ ಬಳಪ ಬೇಡ, ತಿನ್ನುತ್ತಾರೆ. ಅವರಿಗೆ ಒಂದು ಸ್ಟೀಲ್ ಬಟ್ಟಲು, ಎರಡು ಚಮಚ ಸಾಕು. ಗದ್ದಲ ಸ್ವಲ್ಪ ಆಗುತ್ತದೆ, ಆದರೆ ಕೂತಲ್ಲೇ ಆಗುತ್ತದೆ.

"ಸಿಹಿ ತಿಂದರೆ ಮಕ್ಕಳು ಕುಣೀತಾವ" ಎನ್ನುವುದು ಬಹಳ ಜನರ ನಂಬಿಕೆ. ಸಕ್ಕರೆ ಯಾರಿಗೆ ಕೊಟ್ಟಿದ್ದಾರೆ, ಯಾರಿಗಿಲ್ಲ ಎಂಬುದನ್ನು ಮಕ್ಕಳಿಗೂ ತಾಯಿಗೂ ತಿಳಿಸದೆ ಮಾಡಿದ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ 1995ರಲ್ಲೇ ಪ್ರಕಟವಾಗಿದೆ. ಸಕ್ಕರೆಯಿಂದ ವರ್ತನೆ ಬದಲಾದದ್ದು ಅದರಲ್ಲಿ ಕಾಣಲಿಲ್ಲ. ಹಲ್ಲಿನ ದೃಷ್ಟಿಯಿಂದ ಸಿಹಿ ಕಡಿಮೆ ಮಾಡಿ, ಓಟದ ಹೊಣೆ ಅದರ ಮೇಲೆ ಹಾಕಬೇಡಿ.

ಫೋನಿನ ವಿಷಯ ಬೇರೆ. ಐದು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ, ಎರಡು ವರ್ಷದೊಳಗೆ ಬೇಡವೇ ಬೇಡ ಎಂದು ನಮ್ಮ ದೇಶದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಆದರೆ ಹೋಟೆಲಿನಲ್ಲಿ ನಿಮಗೆ ಕಾಣುವ ರಂಪಾಟ ಫೋನ್ ನೋಡುವಾಗಿನದ್ದಲ್ಲ, ಕಿತ್ತುಕೊಂಡಾಗಿನದ್ದು. ತಾಟು ಬಂದ ಕೂಡಲೇ ನಡುವೆಯೇ ಕಸಿದರೆ ಯಾವ ಕೂಸೂ ಅಳುತ್ತದೆ. ಪಾಲಕರು ಇದನ್ನು ಓದುತ್ತಿದ್ದರೆ: "ಈ ವಿಡಿಯೋ ಮುಗಿದ ಮ್ಯಾಲೆ ಊಟ" ಎಂದು ಎರಡು ನಿಮಿಷ ಮೊದಲೇ ಹೇಳಿ, ಮುಗಿದಾಗ ಮಗುವೇ ಫೋನ್ ಕೊಡುವಂತೆ ಕೈ ಚಾಚಿ.

ಮಾತು

ಕನ್ನಡದಲ್ಲಿ 'ಓಡಬ್ಯಾಡ' ಎಂದರೆ 'ಓಡ' ಮೊದಲು, 'ಬ್ಯಾಡ' ಆಮೇಲೆ. ಕಿರುಚಾಟದ ನಡುವೆ ಸಣ್ಣ ಕೂಸಿನ ಕಿವಿಗೆ ಎಷ್ಟು ಬಿತ್ತೋ. ಅದಕ್ಕಿಂತ ಮಾಡಬೇಕಾದ್ದನ್ನೇ ಹೇಳಿ: "ನಿಲ್ಲು", "ಮೆಲ್ಲಕ ನಡಿ", "ಅವ್ವನ ಬಾಜೂ ಕುಂದರು". ದೂರದಿಂದ ಕೂಗಬೇಡಿ, ಒಂದು ಮೊಳ ದೂರಕ್ಕೆ ಹೋಗಿ, ಕುಕ್ಕರಗಾಲಲ್ಲಿ ಕೂತು, ಕಣ್ಣು ಸಮಕ್ಕೆ ತಂದು, ಒಂದೇ ವಾಕ್ಯ. "ತಮ್ಮಾ, ಅಲ್ಲಿ ಎಣ್ಣಿ ಕಾದೈತಿ. ಈ ಕಡಿ ಬಾ." ಹೇಳಿ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಈ ಸುಮ್ಮನಿರುವುದೇ ಕಷ್ಟದ ಭಾಗ. ನಾವು ಎರಡನೆಯ ಸೆಕೆಂಡಿಗೇ ಇನ್ನೊಂದು ಮಾತು, ಮೂರನೆಯದಕ್ಕೆ ಬೈಗುಳ ಸುರಿಯುತ್ತೇವೆ. ಮೊದಲ ಮಾತು ಕೂಸಿನೊಳಗೆ ಇಳಿಯುವ ಮೊದಲೇ ಎರಡನೆಯದು ಬಂದರೆ ಎರಡೂ ನಿಲ್ಲುವುದಿಲ್ಲ. ಮಾತು ಕೇಳಿದರೆ ಅದನ್ನೂ ಬಾಯಿಬಿಟ್ಟು ಹೇಳಿ: "ಚಲೋ ಕುಂತಿ ನೋಡು." ಅಪರಿಚಿತ ಅಂಗಡಿಯಮ್ಮನ ಬಾಯಿಂದ ಬಂದ ಹೊಗಳಿಕೆಗೆ ಮಕ್ಕಳಲ್ಲಿ ಬಹಳ ಬೆಲೆ ಇದೆ.

"ಪೊಲೀಸರಿಗೆ ಕೊಡ್ತೀನಿ", "ಮಕ್ಕಳ ಕಳ್ಳರು ಒಯ್ತಾರ", "ಸೂಜಿ ಚುಚ್ಚಸ್ತೀನಿ" ಇವು ಬೇಡ. ಹೆದರಿಸಿದ್ದು ಆ ಕ್ಷಣ ಕೆಲಸ ಮಾಡಿದಂತೆ ಕಾಣುತ್ತದೆ. ಆದರೆ ಅದೇ ಕೂಸು ಹುಲಿಗಿಯ ಹುಣ್ಣಿಮೆ ಜನಜಂಗುಳಿಯಲ್ಲೋ ಗವಿಮಠದ ಜಾತ್ರೆಯಲ್ಲೋ ಕೈತಪ್ಪಿದರೆ ಪೊಲೀಸರನ್ನು ಕಂಡು ಹತ್ತಿರ ಹೋಗಬೇಕೇ, ಓಡಿಹೋಗಬೇಕೇ?

ಮುಟ್ಟುವ ವಿಷಯದಲ್ಲಿ ಬಹಳ ಎಚ್ಚರ. ಬಾಣಲಿಗೋ ರಸ್ತೆಗೋ ನುಗ್ಗುವ ಕೂಸನ್ನು ಭುಜ ಹಿಡಿದು ಎಳೆಯಲೇಬೇಕು. ಎಳೆದು, ಬಿಟ್ಟು, ಆಗಲೇ ತಂದೆತಾಯಿಗೆ ಕೇಳುವಂತೆ "ಬಾಣಲಿ ಹತ್ರ ಹೊಂಟಿದ್ದ, ಹಿಡದೆ" ಎನ್ನಿ. ಮಿಕ್ಕ ಯಾವ ಕಾರಣಕ್ಕೂ ಕೈ, ಕಿವಿ, ರಟ್ಟೆ ಹಿಡಿಯಬೇಡಿ. ಗುರುತಿಲ್ಲದ ಮಗುವಿಗೆ ಒಬ್ಬರೇ ಇರುವಾಗ ಚಾಕಲೇಟ್ ಕೊಡುವುದು, ಅಡುಗೆಮನೆ ಒಳಗೆ ಕರೆಯುವುದು ಬೇಡ. 2018ರ ಜುಲೈನಲ್ಲಿ ಬೀದರ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿ ಜನ ಅಟ್ಟಿಸಿಕೊಂಡು ಹೋಗಿ ಹೊಡೆದರು, ಒಬ್ಬ ಯುವಕ ಸತ್ತ. ಒಳ್ಳೆಯ ಮನಸ್ಸಿನಿಂದ ಮಾಡಿದ್ದೂ ನಾಲ್ಕು ಜನರ ಕಣ್ಣೆದುರೇ ಆಗಲಿ.

ಇನ್ನು ಪಾಲಕರು. 'ನಿಮ್ಮ ಹುಡುಗರಿಗೆ ಬುದ್ಧಿ ಹೇಳ್ರಿ' ಎಂದು ಗಲ್ಲಾದಿಂದ ಕೂಗಿದರೆ ಇಡೀ ಹೋಟೆಲ್ ತಿರುಗಿ ನೋಡುತ್ತದೆ. ಹೋದ ಮರ್ಯಾದೆ ಉಳಿಸಿಕೊಳ್ಳಲು ಅವರಿಗೆ ಎರಡೇ ದಾರಿ: ನಿಮ್ಮ ಮೇಲೆ ಏರಿಬರುವುದು, ಇಲ್ಲವೇ ಕೂಸಿಗೆ ಎರಡು ಬಿಡುವುದು. ಎರಡನೆಯದು ನಡೆದಾಗ ಅಂಗಡಿಯವರಿಗೆ ಗೆದ್ದ ಹಾಗೆ ಅನಿಸಬಹುದು. ಪೆಟ್ಟು ತಿಂದದ್ದು ಮಾತ್ರ ಕೂಸು. ಟೇಬಲ್ಲಿಗೇ ಹೋಗಿ ಮೆಲ್ಲಗೆ ಹೇಳಿ: "ಯಕ್ಕಾ, ಯಣ್ಣಾ, ಹುಡುಗರು ಸಾಂಬಾರ ತರೋ ದಾರ್ಯಾಗ ಅದಾರ್ರಿ. ಸುಟ್ಟೀತು ಅಂತ ಹೆದರಿಕಿ ನಮಗ. ಗ್ವಾಡಿ ಕಡಿ ಕುಂದ್ರಸ್ರಿ." ತಾಯಿಗಷ್ಟೇ ಹೇಳುವ ರೂಢಿ ಬಿಡಿ. ಆ ಹೊತ್ತಿಗೆ ಅವಳ ತೊಡೆಯ ಮೇಲೆ ಇನ್ನೊಂದು ಕೂಸಿರುತ್ತದೆ. ಎದುರಿಗೆ ಫೋನ್ ಹಿಡಿದ ತಂದೆಯ ಎರಡೂ ಕೈ ಖಾಲಿ ಇರುತ್ತವೆ. ಅವನನ್ನು ನೋಡಿಯೇ ಹೇಳಿ.

ಎರಡು ಸಲ ಹೇಳಿಯೂ ಆಗದಿದ್ದರೆ ನಿಮ್ಮ ಕೈಯಲ್ಲಿ ಒಂದು ಗಟ್ಟಿ ಉಪಾಯ ಇದೆ. "ಹುಡುಗರು ಕುಂತ ಕೂಡ್ಲೇ ತಾಟು ಕಳಸ್ತೀವ್ರಿ, ಬಿಸಿ ಐತಿ" ಎಂದು ಹೇಳಿ, ಆ ಟೇಬಲ್ಲಿಗೆ ಬಿಸಿ ಪದಾರ್ಥ ಬಿಡಬೇಡಿ. ಇದು ಶಿಕ್ಷೆಯಲ್ಲ, ಸುರಕ್ಷತೆ, ಹಾಗೆಂದೇ ಹೇಳಿ. ಹಸಿದ ಹಿರಿಯರು ತಮ್ಮ ಮಕ್ಕಳನ್ನು ಎಷ್ಟು ಬೇಗ ಕೂರಿಸುತ್ತಾರೆ ನೋಡಿ. ಒಂದಿಬ್ಬರು ಎದ್ದು ಹೋಗಬಹುದು, ಫೋನಿನಲ್ಲಿ ಒಂದು ಸ್ಟಾರ್ ಕೊಡಬಹುದು. ಆ ನಷ್ಟ ಸಹಿಸಬಹುದಾದದ್ದು. ಬೈದು ಕೈ ಮಾಡಿದ ವಿಡಿಯೋ ಊರೆಲ್ಲ ಹರಿದರೆ ಆಗುವ ನಷ್ಟ ಹಾಗಲ್ಲ. ಅಂದ ಹಾಗೆ, ನಿಮ್ಮ ಸಿಸಿಟಿವಿಯಲ್ಲಿ ಸಿಕ್ಕ ಮಕ್ಕಳ ತಂಟೆಯನ್ನು ನೀವೂ ಸ್ಟೇಟಸ್ಸಿಗೆ ಹಾಕಬೇಡಿ.

ಬೋರ್ಡು ಹಾಕಬಹುದೇ?

ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲುಗಳಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಆಧಾರದ ಮೇಲೆ ತಡೆಯುವುದನ್ನು ನಿಷೇಧಿಸುತ್ತದೆ. ವಯಸ್ಸು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಆ ವಿಧಿಯಂತೂ ನಿಮ್ಮ ಬೋರ್ಡಿಗೆ ಅಡ್ಡ ಬಾರದು. ಆದರೂ ಹಾಕಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಟ್ಟಕ್ಕೆ ಬರುವವರು ಮಕ್ಕಳನ್ನು ಎಲ್ಲಿ ಬಿಟ್ಟು ಬಂದಾರು? ಮಕ್ಕಳಿಗೆ ಬಾಗಿಲು ಮುಚ್ಚಿದರೆ ತಾಯಂದಿರಿಗೂ ಮುಚ್ಚಿದ ಹಾಗೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಇಂಥ ಬೋರ್ಡು ಕಾರಿನಲ್ಲಿ ಬಂದವರ ಮಕ್ಕಳಿಗೆ ಅನ್ವಯವಾಗುವುದಿಲ್ಲ, ಓಣಿಯ ಮಕ್ಕಳಿಗೆ ಮಾತ್ರ ಆಗುತ್ತದೆ. 2021ರಲ್ಲಿ ನಿಮ್ಮದೇ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಕೂಸೊಂದು ಗುಡಿಯೊಳಗೆ ಓಡಿತೆಂದು ಮನೆಯವರಿಗೆ ದಂಡ ಹಾಕಲು ಹೊರಟು, ಅದು ಪೊಲೀಸ್ ಪ್ರಕರಣವಾಯಿತು. ಓಡುವುದು ಎಲ್ಲ ಕೂಸುಗಳ ಸ್ವಭಾವ. ಯಾವ ಕೂಸಿನ ಓಟ ತಪ್ಪಾಗಿ ಕಾಣುತ್ತದೆ ಎಂಬುದನ್ನು ದೊಡ್ಡವರು ತೀರ್ಮಾನಿಸುತ್ತಾರೆ. ನಿಮ್ಮ ನಿಯಮ ಎರಡೂ ಬಗೆಯ ಮಕ್ಕಳಿಗೆ ಒಂದೇ ಆಗಿರಲಿ. ಬೋರ್ಡು ಬೇಕೇ ಬೇಕೆಂದರೆ ಹೀಗೆ ಬರೆಸಿ: "ಬಿಸಿ ಎಣ್ಣೆ ಇದೆ. ಮಕ್ಕಳನ್ನು ಗೋಡೆ ಕಡೆ ಕೂರಿಸಿ. ಮಕ್ಕಳಿಗೆ ಮೊದಲು ಊಟ ಕೊಡುತ್ತೇವೆ."

ಕೆಲವು ಮಕ್ಕಳಿಗೆ ಇಷ್ಟೆಲ್ಲ ಮಾಡಿದರೂ ಕೂರಲಾಗುವುದಿಲ್ಲ. ಮಿಕ್ಸರ್ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುವ, ಹೆಸರು ಕರೆದರೂ ತಿರುಗದ ಕೂಸಿಗೆ ಆಟಿಸಂ ಇರಬಹುದು, ಕಿವಿಯೇ ಕೇಳದಿರಬಹುದು. ಅದನ್ನು ಗುರುತಿಸುವುದು ನಿಮ್ಮ ಕೆಲಸವಲ್ಲ. ಸದ್ದಿನಿಂದ ದೂರದ ಟೇಬಲ್ ಕೊಟ್ಟರೆ ಸಾಕು. ಪಾಲಕರಿಗೆ ಮಾತ್ರ ಒಂದು ಮಾತು: ಚಂಚಲತೆ ಮನೆ, ಶಾಲೆ ಎರಡೂ ಕಡೆ ಆರು ತಿಂಗಳಿಗೂ ಹೆಚ್ಚು ಕಾಲ ಇದ್ದು, ಓದು, ಗೆಳೆತನ ಕೆಡಿಸುತ್ತಿದ್ದರೆ ತೋರಿಸಬೇಕು. ಹೋಟೆಲಿನಲ್ಲಿ ಮಾತ್ರ ಓಡುವುದು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚಂಚಲತೆಯ ತೊಂದರೆ, ಅಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಫೋನಿನಲ್ಲಿ ಕೇಳಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ಹಣವಿಲ್ಲ.

ಸಂಜೆಯ ಹುಡುಗರು

ಇವರನ್ನು 'ದಿಕ್ಕಿಲ್ಲದವರು' ಎಂದುಕೊಳ್ಳುವುದು ತಪ್ಪು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದರೆ ತಾಯಿ ನಸುಕಿನಲ್ಲೇ ಗದ್ದೆಗೆ. ಮಿಲ್ಲಿನವಳಾದರೆ ಪಾಳಿ ಮುಗಿಯುವುದು ಕತ್ತಲಾದ ಮೇಲೆ. ಮಗನ ಮೇಲೆ ಪ್ರೀತಿ ಇದೆ, ಸಂಜೆ ನಾಲ್ಕೂವರೆಗೆ ಮನೆಯಲ್ಲಿರುವ ಅನುಕೂಲ ಇಲ್ಲ. ಹುಡುಗ ಶಾಲೆಯ ಬಿಸಿಯೂಟ ಉಂಡು ಮೂರು ತಾಸಿನ ಮೇಲಾಗಿದೆ. ಮನೆಗೆ ಬೀಗ. ನಿಮ್ಮಲ್ಲಿ ಬೆಳಕಿದೆ, ನಳದಲ್ಲಿ ನೀರಿದೆ, ಒಗ್ಗರಣಿ ವಾಸನೆ ಇದೆ, ಜನ ಇದ್ದಾರೆ. ಅವನು ಅಲ್ಲಿಗೆ ಬಾರದೆ ಎಲ್ಲಿಗೆ ಹೋಗಬೇಕು? ಸಕ್ಕರೆ ಡಬ್ಬಿಗೆ ಹೋದ ಕೈಗೆ ಹಸಿವೂ ಒಂದು ಕಾರಣ.

ಮೊದಲ ಕೆಲಸ ಹೆಸರು. ನಾಲ್ಕೈದು ಹುಡುಗರ ಹೆಸರು, ತಾಯಿಯ ಹೆಸರು, ಮನೆ ಯಾವುದು, ಯಾವ ಮಿಲ್ಲು, ಒಂದು ಫೋನ್ ನಂಬರ್. 'ಏ ಹುಡುಗಾ' ಎಂದಾಗ ಹೆಗಲು ಕೊಡವಿ ಓಡುವವನು ಹೆಸರಿಡಿದು ಕರೆದರೆ ನಿಲ್ಲುತ್ತಾನೆ, ಏಕೆಂದರೆ ಹೆಸರು ಗೊತ್ತಿದ್ದವರಿಗೆ ಮನೆಯೂ ಗೊತ್ತು. ಎರಡನೆಯದು, ಎಲ್ಲರನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ. ಗುಂಪಿನೆದುರು ಬೈಸಿಕೊಂಡ ಹುಡುಗ ಗೆಳೆಯರ ಮುಂದೆ ಧೈರ್ಯ ತೋರಿಸಲೇಬೇಕಾಗುತ್ತದೆ. ಒಬ್ಬೊಬ್ಬನನ್ನೇ, ಗುಂಪಿಲ್ಲದಾಗ, ಅಂಗಡಿಯ ಮುಂದೆಯೇ ನಿಂತು ಮಾತಾಡಿಸಿ.

ನಿಯಮ ಎರಡೇ ಇರಲಿ, ಕಾರಣದ ಸಮೇತ: ಕೆಂಪು ಪಟ್ಟಿಯೊಳಗೆ ಬರುವಂತಿಲ್ಲ, ಸುಡುತ್ತದೆ, ಗಿರಾಕಿಗಳ ಗಾಡಿ ಮುಟ್ಟುವಂತಿಲ್ಲ, ಸ್ಟ್ಯಾಂಡ್ ಜಾರಿದರೆ ಮೈಮೇಲೆ ಬೀಳುತ್ತದೆ. ನೀರು ಚೆಲ್ಲುವ ಆಟಕ್ಕೆ ನಿಯಮ ಬೇಡ, ನಳಕ್ಕೆ ಚಾವಿ ಇಲ್ಲದೆ ತಿರುಗದ ಬಗೆಯ ಕಾಕ್ ಹಾಕಿಸಿ, ಕುಡಿಯಲು ಒಂದು ಕೊಡ ಹೊರಗಿಡಿ. ಬದಲಿಗೆ ಅವರದೇ ಆದ ಒಂದು ಮೂಲೆ ಕೊಡಿ: ಹೊರಗಿನ ಕಟ್ಟೆ, ಐದರಿಂದ ಆರರವರೆಗೆ, ಪಾಟಿ ಅಥವಾ ಶಾಲೆಯ ಪುಸ್ತಕ. ಆ ದಿನ ಮಾರಾಟವಾಗದೆ ಉಳಿದ ಇಡ್ಲಿಯನ್ನು ಕೊಡುವ ಮನಸ್ಸಿದ್ದರೆ ಕಟ್ಟೆಯ ಮೇಲೆ ಕೂತವರಿಗೆಲ್ಲ ಸಮನಾಗಿ, ತಾಟಿನಲ್ಲಿಟ್ಟು ಕೊಡಿ. ತಂಟೆ ಮಾಡಿದಾಗ ಸುಮ್ಮನಾಗಿಸಲು ಕೊಟ್ಟರೆ ಮರುದಿನ ತಂಟೆ ಒಂದು ಗಂಟೆ ಮುಂಚೆ ಶುರುವಾಗುತ್ತದೆ.

"ಸುಮ್ನ ಕುಂತಾರಲ್ಲ, ಟೇಬಲ್ ಒರಸಲಿ, ಗ್ಲಾಸ್ ತೊಳೀಲಿ, ತಿನ್ನಾಕ ಕೊಡೂಣು" ಎಂಬ ಯೋಚನೆ ಬರಬಹುದು. ಅದು ಖಂಡಿತ ಬೇಡ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಮಕ್ಕಳನ್ನು ಹೋಟೆಲ್ ಕೆಲಸಕ್ಕೆ ಹಚ್ಚಿದರೆ 6 ತಿಂಗಳಿಂದ 2 ವರ್ಷ ಜೈಲು, 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ. ತಿನಿಸು ಕೊಟ್ಟಿದ್ದೆವು ಎನ್ನುವುದು ರಕ್ಷಣೆಯಲ್ಲ. ಕಾನೂನು ಪಕ್ಕಕ್ಕಿಟ್ಟರೂ, ಒಂದು ಸಲ ಗ್ಲಾಸು ತೊಳೆಯಲು ಕೂತ ಹುಡುಗ ಶಾಲೆಗೆ ತಪ್ಪಿಸಲು ಬಹಳ ದಿನ ಬೇಕಾಗುವುದಿಲ್ಲ.

ಗ್ರಾಮ ಪಂಚಾಯ್ತಿ ವ್ಯಾಪ್ತಿಯಲ್ಲಿದ್ದರೆ ಅಲ್ಲಿನ ಗ್ರಂಥಾಲಯ, ಅಂದರೆ ಅರಿವು ಕೇಂದ್ರದಲ್ಲಿ, 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಸಂಜೆ ತೆರೆದಿರುತ್ತದೆಯೇ ಕೇಳಿ; ಇಲ್ಲದಿದ್ದರೆ ತೆರೆಸಲು ನಾಲ್ಕು ಅಂಗಡಿಯವರು ಸೇರಿ ಪಿಡಿಓಗೆ ಅರ್ಜಿ ಕೊಡಿ. ಹುಡುಗರ ಬೆನ್ನಿಗೆ ಬರುವ ಪುಟ್ಟ ತಂಗಿ ಮೂರು ವರ್ಷದೊಳಗಿದ್ದರೆ, ಪಂಚಾಯ್ತಿಯಲ್ಲಿ ಹಗಲು ಕೂಸುಗಳನ್ನು ನೋಡಿಕೊಳ್ಳುವ 'ಕೂಸಿನ ಮನೆ' ನಡೆಯುತ್ತಿದೆಯೇ ಎಂದು ತಾಯಿಗೆ ತಿಳಿಸಿ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಮಾಡಿದ ವ್ಯವಸ್ಥೆ ಅದು. ಎಂಟು ವರ್ಷದವನು ಒಂದೂವರೆ ವರ್ಷದ ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಿಮ್ಮ ಒಲೆ ಪಕ್ಕ ನಿಂತಿರುವುದು ಇಬ್ಬರಿಗೂ ಅಪಾಯ.

ರಾತ್ರಿಯಾದರೂ ಯಾರೂ ಕರೆಯಲು ಬಾರದಿದ್ದರೆ, ಮೈಮೇಲೆ ಬಾಸುಂಡೆ ಕಂಡರೆ, ಮಗು ದಾರಿ ತಪ್ಪಿ ಬಂದದ್ದೆನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದಿನದ 24 ತಾಸೂ ಉಚಿತ. 112 ಕೂಡ ಆಗುತ್ತದೆ. ಕಳೆದುಹೋದ ಮಗು ಸಿಕ್ಕರೆ 24 ಗಂಟೆಯೊಳಗೆ ತಿಳಿಸುವುದು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಕಡ್ಡಾಯ. "ಹೇಳಿದರೆ ಮಗುವನ್ನು ಹಾಸ್ಟೆಲಿಗೆ ಎಳಕೊಂಡು ಹೋಗ್ತಾರ" ಎಂಬ ಹೆದರಿಕೆ ಜನರಲ್ಲಿದೆ. ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ದಾರಿ ಎಂದು ಅದೇ ಕಾಯ್ದೆ ಹೇಳುತ್ತದೆ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮೊದಲು ಮನೆಯನ್ನೇ ವಿಚಾರಿಸುತ್ತದೆ.

ಕಲ್ಲು ಬೀಸುವವನು

ನಿಮ್ಮ ಮನೆಯವರು ಹೊಡೆದದ್ದು ತಪ್ಪು. ಬೇರೆಯವರ ಮಗುವಿಗೆ ಕೈ ಮಾಡಿ ನೋವುಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ 115(2)ರ ಕೆಳಗೆ ಒಂದು ವರ್ಷದವರೆಗೆ ಜೈಲು ಅಥವಾ ಹತ್ತು ಸಾವಿರದವರೆಗೆ ದಂಡ ಬೀಳಬಹುದಾದ ಅಪರಾಧ. ಸಿಟ್ಟಿನಲ್ಲಿ ಜಾತಿ ಹಿಡಿದು ಬೈದಿದ್ದರೆ ಇನ್ನೂ ಭಾರವಾದ ಕಾನೂನು ಬರುತ್ತದೆ. ಹುಡುಗನ ಮೇಲೆ ಪೊಲೀಸರಿಗೆ ದೂರು ಕೊಡುವ ಆಲೋಚನೆಯಿದ್ದರೆ ಬಿಡಿ. ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. ಏಳರಿಂದ ಹನ್ನೆರಡರೊಳಗೆ, ಮಾಡಿದ್ದರ ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿರದಿದ್ದರೆ ಆಗಲೂ ಅಲ್ಲ.

ಒಂದು ಏಟಿಗೆ ಹುಡುಗರು ಬಗ್ಗುತ್ತಾರೆ ಎಂಬ ನಂಬಿಕೆಗೆ ಉತ್ತರ ನಿಮ್ಮ ಬೋರ್ಡಿನ ಮೇಲೇ ಇದೆ. ಏಟು ಸಕ್ಕರೆ ಡಬ್ಬಿಯಿಂದ ಅವನನ್ನು ದೂರ ಇಟ್ಟಿತು, ಕೈಗೆ ಕಲ್ಲು ಕೊಟ್ಟಿತು. ನಾಲ್ಕು ಜನರೆದುರು ಕಪಾಳಕ್ಕೆ ಬಿದ್ದ ಅವಮಾನವನ್ನು ಅವನು ತನಗೆ ಗೊತ್ತಿರುವ ಒಂದೇ ಬಗೆಯಲ್ಲಿ ತೀರಿಸಿಕೊಳ್ಳುತ್ತಿದ್ದಾನೆ. ಕಲ್ಲು ಬಿದ್ದಾಗಲೆಲ್ಲ ನೀವು ಕೂಗುತ್ತ ಹೊರಬಂದರೆ ಅವನ ಸಂಜೆ ಸಾರ್ಥಕ. ಕೂಗುವುದನ್ನು ನಿಲ್ಲಿಸಿದರೆ ಮೊದಲ ಮೂರು ನಾಲ್ಕು ದಿನ ಕಲ್ಲು ಹೆಚ್ಚಾಗುತ್ತದೆ, ಕಡಿಮೆಯಾಗುವುದು ಆಮೇಲೆ. ಹೆಚ್ಚಾದಾಗ ಕೈಬಿಟ್ಟು ಮತ್ತೆ ಕೂಗಿದರೆ ಹೆಚ್ಚು ಕಲ್ಲು ಬೇಕು ಎಂದು ಕಲಿಸಿದಂತೆ. ಆ ದಿನಗಳಲ್ಲಿ ಬೋರ್ಡಿನ ಕೆಳಗೆ ಗಿರಾಕಿಗಳು ನಿಲ್ಲದಂತೆ, ಗಾಜಿನ ಡಬ್ಬಿಗಳು ಇರದಂತೆ ನೋಡಿಕೊಳ್ಳಿ.

ಸುಮ್ಮನಿರುವುದಷ್ಟೇ ಸಾಲದು, ಏಟಿನ ಲೆಕ್ಕ ಬಾಕಿ ಇದೆ. ಹೊಡೆದವರೇ ಅದನ್ನು ತೀರಿಸಬೇಕು. ತಾಯಿ ಕೆಲಸದಿಂದ ಬಂದ ಮೇಲೆ, ನೀವಿಬ್ಬರೂ ಅವರ ಮನೆ ಬಾಗಿಲಿಗೆ ಹೋಗಿ. ಹೊಡೆದದ್ದು ಆ ತಾಯಿಗೆ ಗೊತ್ತಿರದೇ ಇರಬಹುದು, ಮೊದಲು ನಿಮ್ಮ ಬಾಯಿಂದಲೇ ತಿಳಿಯಲಿ. ಕಲ್ಲಿನ ದೂರನ್ನು ಆ ದಿನ ಎತ್ತಬೇಡಿ. ಎತ್ತಿದರೆ ಅವಳು ನಿಮ್ಮೆದುರೇ ಅವನಿಗೆ ಬಾರಿಸುತ್ತಾಳೆ, ಅಲ್ಲಿಗೆ ಎಲ್ಲ ಮುಗಿಯಿತು. ನಿಮ್ಮ ಮನೆಯವರು ಹುಡುಗನ ಕಡೆ ತಿರುಗಿ ಇಷ್ಟು ಹೇಳಲಿ: "ಅವತ್ತು ನಾ ಹೊಡದದ್ದು ತಪ್ಪಾತು. ಇನ್ನ ಹೊಡಿಯಾಂಗಿಲ್ಲ. ಸಕ್ಕರಿ ಬೇಕಂದ್ರ ಕೇಳು, ಡಬ್ಬಿಗೆ ಕೈ ಹಾಕಬ್ಯಾಡ. ನಾಳೆ ಕಟ್ಟಿಮ್ಯಾಲೆ ಬಂದು ಕುಂದರು." 'ಆದ್ರ ನೀನೂ' ಎಂದು ಮುಂದುವರಿಸಬಾರದು. ಹುಡುಗ ಮಾತಾಡದಿರಬಹುದು, ಒಳಗೆ ಓಡಬಹುದು. ಮರುದಿನ ಬಾರದಿರಬಹುದು. ಬಂದರೂ ಮೊದಲೆರಡು ದಿನ ರಸ್ತೆಯ ಆಚೆಯೇ ನಿಂತು ನೋಡುತ್ತಾನೆ. ಕೈಯಲ್ಲಿ ಕಲ್ಲಿಲ್ಲದ ದಿನ ಹೆಸರಿಡಿದು ಕರೆಯಿರಿ.